ಕಚೇರಿಗೆ ಬಂದ ಹಾವುರಾಣಿ

(ಬಾನುಲಿ ಭಾಷಣ)

ಯಾವ ಕಚೇರಿಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೂ ಅಲ್ಲಿ ದುಡಿಯುವವರೆಲ್ಲರ ಹೆಸರೂ ಅದರಲ್ಲಿ ಇರುವುದಿಲ್ಲ. ಗೋಡೆಯ ಗಡಿಯಾರದ ಹಿಂದೆ, ಮಹನೀಯರ ಭಾವಚಿತ್ರಗಳ ಮರೆಯಲ್ಲಿ, ಹಳೆಯ ಕಡತಗಳ ಸಂದಿಯಲ್ಲಿ ಬಿಡಾರ ಮಾಡಿಕೊಂಡು, ನಾವು ದೀಪ ಹಾಕಿದೊಡನೆ ಕೆಲಸಕ್ಕೆ ಹಾಜರಾಗಿ, ನಾವು ಬೀಗ ಹಾಕಿಕೊಂಡು ಹೊರಟ ಮೇಲೂ ಕೆಲಸ ಬಿಡದ ಕೆಲವು ಜೀವಿಗಳು ಅಲ್ಲಿವೆ. ಅವಕ್ಕೆ ಸಂಬಳವಿಲ್ಲ, ರಜೆಯಿಲ್ಲ, ವರ್ಗಾವಣೆಯ ಭಯವೂ ಇಲ್ಲ. ಹಲ್ಲಿಯೂ ಅದರ ಬಳಗದವರೂ ಇವುಗಳಲ್ಲಿ ಮುಖ್ಯರು. ಅವು ಗೋಡೆಯ ಮೇಲಿರುವಷ್ಟು ಕಾಲ ನಾವು ಅವುಗಳನ್ನು ಗಮನಿಸುವುದೇ ಇಲ್ಲ. ನೆಲಕ್ಕೋ ಮೇಜಿನ ಮೇಲಕ್ಕೋ ಇಳಿದವೆಂದರೆ ಮಾತ್ರ ಇಡೀ ಕಚೇರಿ ಎದ್ದು ನಿಲ್ಲುತ್ತದೆ. ಬೆರಳುದ್ದದ ಒಂದು ಪ್ರಾಣಿ ನಮ್ಮಲ್ಲಿ ಎಬ್ಬಿಸುವ ಈ ಭಯ ಎಂಥದು, ಅದಕ್ಕೆ ಆಧಾರವೇನು, ಆ ಗಳಿಗೆಯಲ್ಲಿ ನಾವು ಮಾಡಬೇಕಾದದ್ದೇನು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಕೆಲವು ಕಾಲ ಕೆಲಸ ಮಾಡಿದ ತ್ಯಾವಣಿಗೆ ಚನ್ನಗಿರಿ ತಾಲ್ಲೂಕಿನ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಪೂರ್ತಿ ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ನಡುವಣ ಸೀಮೆ ಅದು. ಭದ್ರಾ ನಾಲೆಯ ನೀರು ಹರಿದ ಕಡೆ ಭತ್ತದ ಗದ್ದೆ, ಅಡಿಕೆಯ ತೋಟ. ನೀರಿದ್ದಲ್ಲಿ ಹಸಿರು, ಹಸಿರಿದ್ದಲ್ಲಿ ಹುಳು. ಪೈರು ಬೆಳೆದು ನಿಂತ ದಿನಗಳಲ್ಲಿ ಸಂಜೆ ದೀಪ ಹಾಕಿದರೆ ಸಾಕು, ಗದ್ದೆಯ ಜಿಗಿಹುಳುಗಳು ಹಿಂಡುಹಿಂಡಾಗಿ ಬಂದು ಕೊಳವೆದೀಪಕ್ಕೆ ಮುತ್ತಿಕೊಳ್ಳುತ್ತವೆ. ಅವುಗಳ ಬೆನ್ನಹಿಂದೆಯೇ ಹಲ್ಲಿಗಳು ಬಂದು ದೀಪದ ಇಕ್ಕೆಲದಲ್ಲಿ ಕಾವಲು ನಿಲ್ಲುತ್ತವೆ. ರೈತನ ಪೈರಿನ ರಸ ಹೀರಿದ ಹುಳು ಕಚೇರಿಯ ಗೋಡೆಯ ಮೇಲೆ ಹಲ್ಲಿಗೆ ಆಹಾರವಾಗುವುದನ್ನು ನೋಡುತ್ತ ಕುಳಿತರೆ, ನಮ್ಮ ಲೆಕ್ಕದ ಪುಸ್ತಕಗಳಿಗಿಂತ ಹಳೆಯದಾದ ಒಂದು ಜಮಾಖರ್ಚು ಕಣ್ಣೆದುರು ನಡೆಯುತ್ತಿರುವುದು ತಿಳಿಯುತ್ತದೆ.

ಅಂಥ ಒಂದು ಕಚೇರಿಯಲ್ಲಿ, ಮಳೆಗಾಲದ ಒಂದು ಮುಂಜಾನೆ, ಹಳೆಯ ಲೆಕ್ಕದ ಪುಸ್ತಕಗಳ ಗಂಟನ್ನು ಬಿಚ್ಚುತ್ತಿದ್ದಾಗ ಅದರೊಳಗಿನಿಂದ ಪುಟ್ಟ ಪ್ರಾಣಿಯೊಂದು ಹೊರಬಿದ್ದು ನೆಲದ ಮೇಲೆ ಸರಸರನೆ ಹರಿಯಿತು. ಎಣ್ಣೆ ಸವರಿದಂಥ ನುಣುಪಾದ ಮೈ. ಬೆನ್ನಿನುದ್ದಕ್ಕೂ ಕಪ್ಪು ಮತ್ತು ಹೊಂಬಣ್ಣದ ಗೆರೆಗಳು. ಬಾಲ ಮಾತ್ರ ಕುಂಕುಮದಲ್ಲಿ ಅದ್ದಿ ತೆಗೆದಂತೆ ಕೆಂಪು. "ಹಾವುರಾಣಿ!" ಎಂದು ಒಬ್ಬರು ಕೂಗಿದರು. ಇನ್ನೊಬ್ಬರು ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು. ಹಾವು ಕಚ್ಚಿದರೆ ಮದ್ದಿದೆ, ಇದು ಕಚ್ಚಿದರೆ ಮದ್ದೇ ಇಲ್ಲ ಎಂದು ಹಿರಿಯ ಗುಮಾಸ್ತರು ತೀರ್ಪು ಕೊಟ್ಟರು. ಜವಾನರು ಕೋಲು ಹುಡುಕಿಕೊಂಡು ಬಂದರು. ಪ್ರಾಣಿಯು ಗೋಡ್ರೆಜ್ ಬೀರುವಿನ ಕಾಲಿನ ಬಳಿ ಮೂಲೆ ಸೇರಿ ನಿಂತಿತ್ತು.

ಆಗ ಕಸ ಗುಡಿಸುತ್ತಿದ್ದ ಹೆಂಗಸು ಕೈಯ ಪೊರಕೆಯನ್ನು ಅಡ್ಡ ಹಿಡಿದು, "ಬಿಡ್ರೀ ಸಾರ್, ಅದೂ ಹೊಟ್ಟೆಪಾಡಿಗೆ ಬಂದೈತೆ" ಎಂದರು. ಪೊರಕೆಯ ತುದಿಯಿಂದ ಅದನ್ನು ಮೆಲ್ಲಗೆ ಮೊರದೊಳಕ್ಕೆ ಸರಿಸಿಕೊಂಡು, ಮೊರವನ್ನು ಮೈಯಿಂದ ದೂರ ಚಾಚಿ ಹಿಡಿದು, ಹಿತ್ತಿಲ ಬೇಲಿಯ ಬುಡದಲ್ಲಿ ಕೊಡವಿ ಬಂದರು. ಬಂದವರು ಸೀದಾ ನಲ್ಲಿಯ ಬಳಿಗೆ ಹೋಗಿ ಕೈಕಾಲು ತೊಳೆದುಕೊಂಡರು. "ಏನಮ್ಮಾ, ಅದಕ್ಕೆ ವಿಷವಿಲ್ಲವೆಂದು ನಿಮಗೆ ಗೊತ್ತಿತ್ತೇ?" ಎಂದು ಕೇಳಿದೆ. "ಅಯ್ಯೋ, ಐತಂತಲ್ಲ ಸಾರ್. ಐತೆ ಅಂತ ಕೊಲ್ಲಾಕಾಯ್ತದಾ?" ಎಂದರು.

ಈ ಉತ್ತರವನ್ನು ಕುರಿತು ನಾನು ಬಹಳ ಸಲ ಯೋಚಿಸಿದ್ದೇನೆ. ವಿಷವಿಲ್ಲವೆಂದು ತಿಳಿದು ಪ್ರಾಣಿಯನ್ನು ಬಿಡುವುದರಲ್ಲಿ ದೊಡ್ಡತನವೇನೂ ಇಲ್ಲ. ವಿಷವಿದೆಯೆಂದು ನಂಬಿಯೂ, ಆ ನಂಬಿಕೆಯ ಭಯವನ್ನು ಮೊರದಲ್ಲಿ ಹೊತ್ತುಕೊಂಡೇ ಒಂದು ಜೀವವನ್ನು ಬಾಗಿಲು ದಾಟಿಸುವುದು ಬೇರೆಯೇ ಮಾತು. ನಮ್ಮಂಥ ಓದುಬರಹ ಬಲ್ಲವರು ಆಕೆಗಾಗಿ ಮಾಡಬಹುದಾದ ಕೆಲಸ ಒಂದೇ: ಆ ಅನಗತ್ಯ ಭಯದ ಭಾರವನ್ನು ಇಳಿಸುವುದು.

ಹಾಗಾದರೆ ನಿಜವೇನು? ನಮ್ಮ ಮನೆ, ಕಚೇರಿ, ಹಿತ್ತಿಲುಗಳಲ್ಲಿ ಕಾಣಸಿಗುವ ಹಲ್ಲಿ, ಹಾವುರಾಣಿ, ಓತಿಕ್ಯಾತ ಇವುಗಳಲ್ಲಿ ಯಾವುದರ ಕಡಿತದಿಂದಲೂ ಮನುಷ್ಯನಿಗೆ ವಿಷವೇರುವುದಿಲ್ಲ. ಕಡಿತದಿಂದ ಮನುಷ್ಯನಿಗೆ ಅಪಾಯ ತರಬಲ್ಲ ವಿಷದ ಹಲ್ಲಿಗಳೆಂದು ಹೆಸರಾದ ಗಿಲಾ ಮಾನ್‌ಸ್ಟರ್ ಮತ್ತು ಮಣಿಹಲ್ಲಿಗಳು ವಾಸಿಸುವುದು ಅಮೆರಿಕದ ನೈಋತ್ಯ ಭಾಗ, ಮೆಕ್ಸಿಕೊ ಹಾಗೂ ಗ್ವಾಟೆಮಾಲಾಗಳಲ್ಲಿ. ಆ ಗಿಲಾ ಮಾನ್‌ಸ್ಟರಿನ ಜೊಲ್ಲಿನಲ್ಲಿ ದೊರೆತ ಒಂದು ದ್ರವ್ಯದ ಜಾಡು ಹಿಡಿದು ರೂಪಿಸಿದ ಎಕ್ಸೆನಟೈಡ್ ಎಂಬ ಔಷಧಕ್ಕೆ 2005ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ವಿಷದ ಹಲ್ಲಿಯಿಂದಲೇ ಮದ್ದು ಬಂದಿರುವಾಗ, ವಿಷವೇ ಇಲ್ಲದ ನಮ್ಮ ಹಾವುರಾಣಿಗೆ ಹಾವಿನ ಹೆಸರಿನ ನಂಟೊಂದೇ ಮರಣಶಾಸನವಾಗಿರುವುದು ವಿಚಿತ್ರ.

ಆ ಕೆಂಪು ಬಾಲವೂ ವಿಷದ ಗುರುತಲ್ಲ. ಹಾವುರಾಣಿಯ ಬಳಗದ ಒಂದು ಜಾತಿಯ ಮರಿಗಳಿಗೆ ಎಳವೆಯಲ್ಲಿ ಇಂಥ ಕೆಂಪು ಬಾಲವಿರುತ್ತದೆ, ಬೆಳೆದಂತೆ ಬಣ್ಣ ಮಾಸುತ್ತದೆ. ಎರಗುವ ಹಕ್ಕಿಯ ಕಣ್ಣು ತಲೆಯ ಮೇಲೆ ಬೀಳದೆ ಬಾಲದ ಮೇಲೆ ಬೀಳಲಿ ಎಂಬುದೇ ಈ ಬಣ್ಣದ ಪ್ರಯೋಜನ. ಹಿಡಿತ ಬಿದ್ದೊಡನೆ ಬಾಲದ ಮೂಳೆಗಳಲ್ಲಿ ಮೊದಲೇ ಇರುವ ಬಿರುಕಿನ ಜಾಗದಲ್ಲಿ ಅದು ಕಳಚಿಕೊಳ್ಳುತ್ತದೆ. ಕಳಚಿದ ಬಾಲ ಕೆಲವು ನಿಮಿಷ ತಾನೇ ಕುಣಿಯುತ್ತ ವೈರಿಯನ್ನು ಮರುಳುಮಾಡುತ್ತದೆ. ಅಷ್ಟರಲ್ಲಿ ಒಡೆಯ ಪಾರಾಗುತ್ತಾನೆ. ಮತ್ತೆ ಬೆಳೆಯುವ ಬಾಲದಲ್ಲಿ ಹಿಂದಿನ ಮೂಳೆಗಳಿರುವುದಿಲ್ಲ, ಮೆದುಮೂಳೆಯ ಒಂದು ಕಡ್ಡಿ ಮಾತ್ರ ಇರುತ್ತದೆ. ನಾವು ವಿಷದ ಬೆದರಿಕೆಯೆಂದು ಓದಿಕೊಂಡದ್ದು ವಾಸ್ತವವಾಗಿ ಒಂದು ಮರಿಯ ಪ್ರಾಣಭಿಕ್ಷೆಯ ಅರ್ಜಿ.

ಹಲ್ಲಿಯ ವಿಷಯಕ್ಕೆ ಬಂದರೆ, ಅದು ಮಾಡಿನಲ್ಲಿ ತಲೆಕೆಳಗಾಗಿ ನಡೆಯುವ ಸೋಜಿಗವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲನು ಗಮನಿಸಿದ್ದನು. ಮರಕುಟಿಗವು ಮರದ ಮೇಲೆ ಹಲ್ಲಿಯ ಹಾಗೆ ತಲೆಕೆಳಗಾಗಿಯೂ ಓಡಬಲ್ಲದೆಂದು ಅವನು ಬರೆದಿದ್ದಾನೆ. ಗುಟ್ಟು ಬಯಲಾದದ್ದು ಮಾತ್ರ ನಮ್ಮ ಕಾಲದಲ್ಲಿ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿದ್ದು, ಒಂದೊಂದು ರೋಮದ ತುದಿಯೂ ನೂರಾರು ಕವಲುಗಳಾಗಿ ಒಡೆದಿರುತ್ತದೆ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಅಂಥ ಒಂದೇ ರೋಮದ ಹಿಡಿತವನ್ನು ಅಳೆದರು. ಅಂಟಿನಿಂದಲ್ಲ, ಅಣು ಅಣುಗಳ ನಡುವಣ ಅತಿ ದುರ್ಬಲವಾದ ಸೆಳೆತ ಲಕ್ಷಾಂತರ ಕಡೆ ಕೂಡಿ ಬಂದು ಹಲ್ಲಿಯನ್ನು ಎತ್ತಿ ಹಿಡಿದಿದೆಯೆಂಬುದು 2002ರ ಹೊತ್ತಿಗೆ ಸ್ಪಷ್ಟವಾಯಿತು. ಮನೆಹಲ್ಲಿಯ ಪಾದದ ಹಂಚಿಕೆಯೂ ಇದೇ. ಅಂಥ ಪಾದವನ್ನು ನಾವು ಪೊರಕೆಯ ಹಿಡಿಯಿಂದ ಪರೀಕ್ಷಿಸಲು ಹೊರಡುತ್ತೇವೆ.

ನಮ್ಮ ಜನ ಹಲ್ಲಿಯನ್ನು ಕೇವಲ ಪ್ರಾಣಿಯೆಂದು ಎಣಿಸಿದವರೇ ಅಲ್ಲ. ಅದು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ನೆಲವನ್ನು ಬೆರಳಿನಿಂದ ತಟ್ಟಿ "ಕೃಷ್ಣ ಕೃಷ್ಣ" ಎನ್ನುವ ವಾಡಿಕೆ ಇದೆ. ಮೈಯ ಯಾವ ಭಾಗದ ಮೇಲೆ ಬಿದ್ದರೆ ಯಾವ ಫಲವೆಂಬ ಪಟ್ಟಿ ಪಂಚಾಂಗಗಳಲ್ಲಿ ಅಚ್ಚಾಗುತ್ತದೆ. ಕಂಚಿಯ ವರದರಾಜಸ್ವಾಮಿಯ ಗುಡಿಯಲ್ಲಿ ಚಿನ್ನದ ಹಲ್ಲಿಯನ್ನೂ ಬೆಳ್ಳಿಯ ಹಲ್ಲಿಯನ್ನೂ ಮುಟ್ಟಿ ಬಂದವರಿಗೆ ಹಲ್ಲಿ ಬಿದ್ದ ದೋಷ ತಟ್ಟುವುದಿಲ್ಲವೆಂದು ಕನ್ನಡ ನಾಡಿನ ಯಾತ್ರಿಕರೂ ನಂಬುತ್ತಾರೆ. ಶಕುನವನ್ನು ನಾನು ನಂಬುವವನಲ್ಲ. ಆದರೂ ಹಲ್ಲಿಯನ್ನು ಸಾಕ್ಷಿಯಾಗಿ ಒಪ್ಪಿಕೊಂಡ ಈ ವಾಡಿಕೆಯಲ್ಲಿ ಅದರ ಇರವನ್ನು ಸಹಿಸುವ ಒಂದು ಒಪ್ಪಂದವೂ ಅಡಗಿತ್ತೆಂದು ತೋರುತ್ತದೆ. ಶಕುನದ ನಂಬಿಕೆ ಸಡಿಲಿದಾಗ ಈ ಒಪ್ಪಂದವೂ ಸಡಿಲಿ, ಭಯವೊಂದೇ ಉಳಿದುಕೊಂಡರೆ ನಾವು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಕಚೇರಿಯ ಹಲ್ಲಿಯ ಪ್ರಸಂಗಗಳು ನಮ್ಮಲ್ಲಿ ಮಾತ್ರ ನಡೆಯುತ್ತವೆಂದಲ್ಲ. 2018ರಲ್ಲಿ ಹವಾಯಿ ದ್ವೀಪದಲ್ಲಿ, ಕಡಲಪ್ರಾಣಿಗಳಾದ ಸೀಲ್‌ಗಳ ಆಸ್ಪತ್ರೆಯೊಂದರಿಂದ ಅದರ ನಿರ್ದೇಶಕಿಗೆ ಒಂದರ ಮೇಲೊಂದು ದೂರವಾಣಿ ಕರೆಗಳು ಬಂದವು. ಎತ್ತಿದರೆ ಆ ಕಡೆಯಿಂದ ಮಾತಿಲ್ಲ. ಏನು ಅನಾಹುತವಾಯಿತೋ ಎಂದು ಆಕೆ ಧಾವಿಸಿ ಬಂದು ಹುಡುಕಿದಾಗ, ಸ್ಪರ್ಶಪರದೆಯ ದೂರವಾಣಿಯ ಮೇಲೆ ಪುಟ್ಟ ಹಲ್ಲಿಯೊಂದು ಕುಳಿತು ತನ್ನ ಪಾದಗಳಿಂದಲೇ ಕರೆ ಮಾಡುತ್ತಿತ್ತು. ಆಕೆ ಅದನ್ನು ಹಿಡಿದು ಹೊರಗೆ ಗಿಡದ ಮೇಲೆ ಬಿಟ್ಟರು. ತ್ಯಾವಣಿಗೆಯ ಮೊರಕ್ಕೂ ಹವಾಯಿಯ ಕೈಗೂ ಭಾಷೆಯ ಪರಿಚಯವಿಲ್ಲ, ಮಾಡಿದ ಕೆಲಸ ಮಾತ್ರ ಒಂದೇ.

ಈ ಪ್ರಾಣಿಗಳನ್ನು ಬಿಡಬೇಕೆನ್ನಲು ಇನ್ನೊಂದು ಕಾರಣವೂ ಉಂಟು. ನಮ್ಮ ನೆಲದ ಹಲ್ಲಿಗಳ ಎಣಿಕೆ ಇನ್ನೂ ಮುಗಿದಿಲ್ಲ. 1853ರಲ್ಲಿ ಜೆರ್ಡನ್ ಎಂಬ ವೈದ್ಯ ಒಂದು ಪುಟ್ಟ ಹಲ್ಲಿಗೆ ಮೈಸೂರಿನ ಹೆಸರಿಟ್ಟನು. 1870ರಲ್ಲಿ ಬೆಡ್ಡೋಮ್ ಎಂಬ ಸೇನಾಧಿಕಾರಿ ಒಂದು ನೆಲಹಲ್ಲಿಗೆ ಕೊಳ್ಳೇಗಾಲದ ಹೆಸರಿಟ್ಟನು. ಇದೆಲ್ಲ ಹಳೆಯ ಮಾತೆನ್ನುವಂತಿಲ್ಲ. 2018ರಷ್ಟು ಈಚೆಗೆ ಬಾಗಲಕೋಟೆ ಜಿಲ್ಲೆಯಲ್ಲಿ ದೊರೆತ ಹಲ್ಲಿಯೊಂದು ಶಾಸ್ತ್ರಕ್ಕೆ ಹೊಸದೆಂದು ಹೆಸರು ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಪ್ರಕಟವಾದಾಗ, ಹಾರುವ ಓತಿಯೊಂದರ ಹುಡುಕಾಟ ಕಾದಂಬರಿಗೆ ವಸ್ತುವಾಗಬಲ್ಲುದೆಂದು ಕನ್ನಡ ಓದುಗರಿಗೆ ತಿಳಿಯಿತು. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಆ ಓತಿಯನ್ನು ಅರಸಿ ಕಾಡು ಹೊಕ್ಕವರನ್ನು ಮೆಚ್ಚುವ ನಾವು, ಅದರ ದಾಯಾದಿ ತಾನಾಗಿ ಮೇಜಿನ ಬಳಿಗೆ ಬಂದಾಗ ಅರೆಗಳಿಗೆ ಬಗ್ಗಿ ನೋಡುವುದಿಲ್ಲ.

ಎಚ್ಚರಿಕೆಯ ಮಾತುಗಳನ್ನೂ ಹೇಳಿಬಿಡಬೇಕು. ವಿಷವಿಲ್ಲವೆಂದ ಮಾತ್ರಕ್ಕೆ ಹಲ್ಲಿ ಶುಚಿಯೆಂದು ಅರ್ಥವಲ್ಲ. ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆದ್ದರಿಂದ ಕುಡಿಯುವ ನೀರಿಗೆ ಮುಚ್ಚಳ ಬೇಕು, ಹಲ್ಲಿ ಬಿದ್ದ ಆಹಾರವನ್ನು ಚೆಲ್ಲಬೇಕು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ತ್ಯಾವಣಿಗೆಯ ಆ ತಾಯಿ ನಲ್ಲಿಯ ಬಳಿಗೆ ಹೋದದ್ದು ಸರಿಯಾಗಿಯೇ ಇತ್ತು. ಕಂಡದ್ದು ಹಾವುರಾಣಿಯೋ ಹಾವೋ ಎಂಬುದನ್ನು ಮೊದಲು ದೂರದಿಂದಲೇ ನೋಡಿಕೊಳ್ಳಬೇಕು. ಹಾವುರಾಣಿಗೆ ನಾಲ್ಕು ಕಾಲುಗಳಿವೆ, ಕಣ್ಣಿಗೆ ರೆಪ್ಪೆಯಿದೆ, ತಲೆಯ ಪಕ್ಕದಲ್ಲಿ ಕಿವಿಯ ರಂಧ್ರವಿದೆ. ಹಾವಿಗೆ ಈ ಮೂರೂ ಇಲ್ಲ. ಕಾಲು ಕಾಣದಿದ್ದರೆ ಹತ್ತಿರ ಹೋಗದೆ, ಬಲ್ಲವರನ್ನು ಕರೆಸುವುದೇ ವಿವೇಕ. ಕಾಲು ಕಂಡರೆ ಕೋಲು ಬೇಡ. ಒಂದು ಮೊರ, ಇಲ್ಲವೆ ಒಂದು ಡಬ್ಬಿ ಮತ್ತು ಒಂದು ರಟ್ಟಿನ ತುಂಡು ಸಾಕು. ಬಾಲ ಹಿಡಿಯಬಾರದು. ಕಡತಗಳ ಸಂದಿಯಲ್ಲಿ ಗೋಲಿಗಿಂತ ಚಿಕ್ಕದಾದ ಎರಡು ಬಿಳಿಯ ಮೊಟ್ಟೆಗಳು ಕಂಡರೆ, ಆ ಕಡತ ತುರ್ತಿನದಲ್ಲದಿದ್ದರೆ, ಅದು ಇನ್ನೂ ಕೆಲವು ವಾರ ಅಲ್ಲೇ ಇರಲಿ. ಕಡತಗಳು ಬಹುಕಾಲ ಕದಲದೆ ಇರುವುದು ನಮ್ಮ ಕಚೇರಿಗಳಲ್ಲಿ ಹೊಸ ಸಂಗತಿಯೇನಲ್ಲ. ಒಂದು ಸಲವಾದರೂ ಅದರಿಂದ ಯಾರಿಗಾದರೂ ಉಪಕಾರವಾಗಲಿ.

ಭಯಪಡುವುದು ತಪ್ಪಲ್ಲ. ಅದು ನಮ್ಮ ಮೈಯೊಳಗಿನ ಹಳೆಯ ಕಾವಲುಗಾರ. ಆದರೆ ಕಾವಲುಗಾರನ ಕೈಗೆ ತೀರ್ಪು ಕೊಡುವ ಅಧಿಕಾರವನ್ನು ಒಪ್ಪಿಸಬಾರದು. ಕೂಗು ಎದ್ದ ಗಳಿಗೆಗೂ ಕೋಲು ಬೀಳುವ ಗಳಿಗೆಗೂ ನಡುವೆ ಒಂದು ಉಸಿರಿನಷ್ಟು ಬಿಡುವಿರುತ್ತದೆ. ಅಷ್ಟರಲ್ಲಿ ಬಗ್ಗಿ ನೋಡಿ ಕಾಲುಗಳನ್ನು ಎಣಿಸುವ ಅಭ್ಯಾಸವೊಂದನ್ನು ನಮ್ಮ ಕಚೇರಿಗಳು, ಶಾಲೆಗಳು, ಉಗ್ರಾಣಗಳು ರೂಢಿಸಿಕೊಂಡರೆ, ಬಹಳಷ್ಟು ಪುಟ್ಟ ಜೀವಗಳು ಬಾಗಿಲು ದಾಟಿ ಬೇಲಿಯ ಬುಡ ಸೇರುತ್ತವೆ.