ಯಂತ್ರವನ್ನು ಕಟ್ಟಿ ಕಲಿಯುವ ವಿದ್ಯೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಪಾಠಶಾಲೆಯ ಚಾಪೆಯ ಮೇಲೆ ಕುಳಿತು ವ್ಯಾಕರಣವನ್ನು ಕಲಿತ ನನ್ನಂಥವನಿಗೆ ಯಂತ್ರವಿದ್ಯೆಯ ವಿಷಯವನ್ನು ಗೊತ್ತುಮಾಡಿರುವುದು ಏತಕ್ಕೆಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕೆಲವು ವರ್ಷಗಳಿಂದ ನಮ್ಮ ಪ್ರೌಢಶಾಲೆಯ ಒಂದು ಕೊಠಡಿಯಲ್ಲಿ ಮಕ್ಕಳು ಚಿಕ್ಕ ಚಿಕ್ಕ ರೋಬೋಟುಗಳನ್ನು ಕಟ್ಟುತ್ತಿರುವುದನ್ನು ಸಂಜೆಯ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು ನೋಡುವ ಅಭ್ಯಾಸವು ನನಗೆ ಬೆಳೆದಿರುವುದು. ನೋಡುತ್ತ, ಆ ಮಕ್ಕಳನ್ನೇ ಕೇಳುತ್ತ ಬಂದಂತೆ, ಆ ವಿದ್ಯೆಯ ಒಂದು ಭಾಗವು ನಮ್ಮ ಶಾಸ್ತ್ರಾಭ್ಯಾಸಕ್ಕೆ ಬಲು ಹತ್ತಿರವಾದುದೆಂದೂ, ಇನ್ನೊಂದು ಭಾಗವು ನಮ್ಮ ಪಾಠಶಾಲೆಗಳಲ್ಲಿ ಇಲ್ಲದಿದ್ದುದೆಂದೂ ತಿಳಿದುಬಂತು. ಅದನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುವುದಷ್ಟೇ ನನ್ನ ಉದ್ದೇಶ.

ಮೊದಲು ಹೆಸರಿನ ವಿಚಾರ. ‘ರೋಬೋಟ್’ ಎಂಬ ಶಬ್ದವನ್ನು ಯಾವ ವಿಜ್ಞಾನಿಯೂ ಹುಟ್ಟಿಸಲಿಲ್ಲ. ಅದು ನಾಟಕದಿಂದ ಬಂದುದು. ಜೆಕ್ ಭಾಷೆಯ ಲೇಖಕನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ಎಂಬ ನಾಟಕದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಸೂಚಿಸಿದವನು ಚಿತ್ರಕಾರನಾಗಿದ್ದ ಅವನ ಅಣ್ಣ ಯೋಸೆಫ್. ಆ ಭಾಷೆಯಲ್ಲಿ ‘ರೋಬೋಟಾ’ ಎಂದರೆ ಒಕ್ಕಲುಮಕ್ಕಳು ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಿಟ್ಟಿ ಎನ್ನುವರು. ಬಿಟ್ಟಿಯಾಳಿನ ಹೆಸರನ್ನು ಹೊತ್ತ ಯಂತ್ರವು ಶಾಲೆಗೆ ಬಂದು ಮಕ್ಕಳಿಗೆ ಪಾಠಹೇಳತೊಡಗಿದುದು ವಿನೋದವೇ ಸರಿ.

ಶಾಲೆಯ ರೋಬೋಟು ಎಂದೊಡನೆ ಚಲನಚಿತ್ರಗಳಲ್ಲಿ ಕಾಣುವ ಲೋಹದ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಕಾದುದಿಲ್ಲ. ಅದು ಒಂದು ಚಿಕ್ಕ ಹಲಗೆ. ಎರಡು ಚಕ್ರ, ಎರಡು ಮೋಟಾರು, ಒಂದು ಬ್ಯಾಟರಿ, ಮುಂಭಾಗದಲ್ಲಿ ಕಣ್ಣುಗಳಂತೆ ಎರಡು ಸೆನ್ಸರುಗಳು, ನಡುವೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬೋರ್ಡು. ಹೊರಗಿನದನ್ನು ಅರಿಯುವುದು, ಅರಿತುದನ್ನು ನಿಯಮಕ್ಕೆ ಒಪ್ಪಿಸಿ ನಿರ್ಣಯಿಸುವುದು, ನಿರ್ಣಯಿಸಿದಂತೆ ಚಲಿಸುವುದು, ಈ ಮೂರೂ ಇದ್ದಲ್ಲಿ ಅದು ರೋಬೋಟು.

ಇಂಥ ಯಂತ್ರವನ್ನು ಮಕ್ಕಳ ಕೈಗೆ ಕೊಡಬೇಕೆಂಬ ವಿಚಾರವು ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಜಿನೀವಾದಲ್ಲಿ ಬಾಲಮನಶ್ಶಾಸ್ತ್ರಜ್ಞ ಪಿಯಾಜೆಯವರೊಡನೆ ಕೆಲಸಮಾಡಿ, ಅನಂತರ ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯನ್ನು ಸೇರಿದ ಸೀಮರ್ ಪ್ಯಾಪರ್ಟ್ ಎಂಬ ಗಣಿತಜ್ಞರು ತಮ್ಮ ಸಂಗಡಿಗರೊಡನೆ 1967ರಲ್ಲಿ ‘ಲೋಗೋ’ ಎಂಬ, ಮಕ್ಕಳಿಗೆ ತಕ್ಕ ಗಣಕಭಾಷೆಯನ್ನು ರಚಿಸಿದರು. ಕೆಲವೇ ವರ್ಷಗಳಲ್ಲಿ ಆ ಭಾಷೆಯ ಆಜ್ಞೆಯನ್ನು ಕೇಳಿ ನೆಲದ ಮೇಲೆ ಹರಿದಾಡಿ ಗೆರೆ ಎಳೆಯುವ ಒಂದು ಯಂತ್ರವು ಸಿದ್ಧವಾಯಿತು. ಅದನ್ನು ಆಮೆ ಎಂದು ಕರೆದರು. ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಅಂಶ ಬಲಕ್ಕೆ ತಿರುಗು ಎಂದು ನಾಲ್ಕು ಸಾರೆ ಹೇಳಿದರೆ ಆಮೆಯು ಚೌಕವನ್ನು ಬರೆಯುವುದು. ಸಮಬಾಹು ತ್ರಿಕೋನದ ಕೋನವು 60 ಅಂಶವೆಂದು ಬಾಯಿಪಾಠ ಮಾಡಿದ ಹುಡುಗನು 60 ಅಂಶ ತಿರುಗೆಂದು ಹೇಳಿದರೆ, ಮೂರು ಸಾರೆಗೆ ತ್ರಿಕೋನವು ಮುಚ್ಚಿಕೊಳ್ಳುವುದೇ ಇಲ್ಲ. ಬಿಡದೆ ಆರು ಸಾರೆ ಹೇಳಿದರೆ ಷಟ್ಕೋನವು ಮೂಡಿ ನಿಲ್ಲುವುದು! ಹುಡುಗನು ಎದ್ದು ತಾನೇ ಆಮೆಯಂತೆ ನೆಲದ ಮೇಲೆ ನಡೆದು ನೋಡಿದಾಗ, ಮೂಲೆಯಲ್ಲಿ ತನ್ನ ಮೈ ತಿರುಗುವುದು 120 ಅಂಶವೆಂದು ಅವನಿಗೆ ಗೋಚರಿಸುವುದು. ಪುಸ್ತಕದ 60 ಸುಳ್ಳಾಗಲಿಲ್ಲ. ಅದು ಒಳಗಿನ ಕೋನ, ಇದು ಹೊರಗಿನ ಕೋನ. ಈ ಭೇದವನ್ನು ಒಮ್ಮೆ ನಡೆದು ಕಂಡವನು ಜನ್ಮದಲ್ಲಿ ಮರೆಯನು.

1998ರಲ್ಲಿ ಡೆನ್ಮಾರ್ಕಿನ ಲೆಗೋ ಸಂಸ್ಥೆಯವರು, ಪ್ಯಾಪರ್ಟರ ಪುಸ್ತಕದ ಹೆಸರನ್ನೇ ಇಟ್ಟು, ಬಿಡಿಭಾಗಗಳಿಂದ ರೋಬೋಟು ಕಟ್ಟುವ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದರು. ಅದು ನಮ್ಮ ಬಡಶಾಲೆಗಳ ಕೈಗೆ ಎಟುಕುವಂಥದ್ದಾಗಿರಲಿಲ್ಲ. ನಮ್ಮ ಪಾಲಿಗೆ ದಾರಿ ತೆರೆದುದು 2005ರಲ್ಲಿ, ಇಟಲಿಯ ಇವ್ರೇಯಾ ಎಂಬ ಊರಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ‘ಆರ್ಡುಯಿನೋ’ ಎಂಬ ಬೋರ್ಡನ್ನು ರಚಿಸಿದಾಗ. ಅದರ ನಕ್ಷೆಯನ್ನು ಅವರು ಬಚ್ಚಿಡದೆ ಲೋಕಕ್ಕೆ ಬಿಟ್ಟುಕೊಟ್ಟರು. ಆದುದರಿಂದಲೇ ಅದೇ ಬಗೆಯ ಬೋರ್ಡು ಈಗ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತಿರುವುದು. ವಿದ್ಯೆಯನ್ನು ಹಂಚಿದವರ ಪುಣ್ಯವೆನ್ನಬೇಕು.

ನಮ್ಮ ದೇಶದಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಆರಂಭವಾಗಿ, ಆರನೆಯ ತರಗತಿಯಿಂದ ಹನ್ನೆರಡನೆಯದರ ವರೆಗಿನ ಮಕ್ಕಳಿಗಾಗಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳನ್ನು ತೆರೆಯಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳ ವರೆಗೆ ಸಹಾಯಧನವು ದೊರೆಯುತ್ತಿತ್ತು. ಇಂಥ ಲ್ಯಾಬುಗಳು 10,000 ಶಾಲೆಗಳಲ್ಲಿ ಸ್ಥಾಪಿತವಾದುವು. ಇನ್ನೂ 50,000 ಸರಕಾರಿ ಶಾಲೆಗಳಲ್ಲಿ ಐದು ವರ್ಷಗಳೊಳಗಾಗಿ ತೆರೆಯುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಸಾರಲಾಯಿತು. ನೆರೆಯ ಕೇರಳದವರಾದರೋ 2025-26ರ ಶಾಲಾವರ್ಷದಿಂದ ಹತ್ತನೆಯ ತರಗತಿಯ ಪಾಠಕ್ರಮದಲ್ಲಿಯೇ ಇದನ್ನು ಸೇರಿಸಿರುವರು. ಅಂಕೆಗಳು ಸಾಕು. ಕೊಠಡಿಯೊಳಗೆ ನಡೆಯುವುದೇನೆಂಬುದನ್ನು ನೋಡೋಣ.

ಮಕ್ಕಳು ಸಾಮಾನ್ಯವಾಗಿ ಮೊದಲು ಕಟ್ಟುವುದು ನೆಲದ ಮೇಲಿನ ಕಪ್ಪು ಪಟ್ಟಿಯನ್ನು ಹಿಡಿದು ನಡೆಯುವ ರೋಬೋಟನ್ನು. ಅದರ ಸೆನ್ಸರು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುವುದು. ಬಿಳಿಯ ನೆಲವು ಆ ಬೆಳಕನ್ನು ಹಿಂದಕ್ಕೆ ಕಳುಹಿಸುವುದು, ಕಪ್ಪು ಪಟ್ಟಿಯು ಬಹುಮಟ್ಟಿಗೆ ನುಂಗುವುದು. ಪಟ್ಟಿಯ ಎಡಕ್ಕೊಂದು ಬಲಕ್ಕೊಂದು ಸೆನ್ಸರು ಇದ್ದು, ಎರಡಕ್ಕೂ ಬಿಳಿ ಕಂಡರೆ ಯಂತ್ರವು ನೇರವಾಗಿ ಸಾಗಬೇಕು. ಎಡದ ಸೆನ್ಸರಿಗೆ ಕಪ್ಪು ಕಂಡರೆ, ಯಂತ್ರವು ಬಲಕ್ಕೆ ಸರಿದಿದೆಯೆಂದರ್ಥ; ಎಡಚಕ್ರವು ನಿಂತು ಬಲಚಕ್ರವು ತಿರುಗಬೇಕು. ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯು ಇದನ್ನು ತನ್ನ ನೋಟುಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದಳು: “ಎಡಗಣ್ಣಿಗೆ ಕಪ್ಪು ಕಂಡರೆ ಎಡಗಾಲು ನಿಲ್ಲಲಿ.” ಪ್ರೋಗ್ರಾಮು ಎಂದು ಇವರು ಕರೆಯುವ ಆಜ್ಞಾವಳಿಯು ಇಂಗ್ಲಿಷ್ ಅಕ್ಷರಗಳಲ್ಲಿರುವುದು ದಿಟ. ಆದರೆ ಮನೆಮಾತಿನಲ್ಲಿ ಹೀಗೆ ನಿಯಮವನ್ನು ಮೊದಲು ಬರೆದುಕೊಂಡವರಿಗೆ ಆ ಅಕ್ಷರಗಳು ತೊಡಕಾಗುವುದಿಲ್ಲ. ಬರೆದುಕೊಳ್ಳದೆ ನಕಲುಮಾಡಿದವರಿಗೆ ಒಂದು ಚುಕ್ಕೆ ತಪ್ಪಿದರೂ ದಿಕ್ಕು ತೋಚದು. ಕನ್ನಡದಲ್ಲಿ ಇದನ್ನು ಕಲಿಸಲಾಗದೆನ್ನುವ ಉಪಾಧ್ಯಾಯ ಮಿತ್ರರು ಆ ಬಾಲಿಕೆಯ ವಾಕ್ಯವನ್ನು ಒಮ್ಮೆ ಓದಬೇಕು.

ನನಗೆ ಪರಿಚಿತವೆನಿಸಿದ ಭಾಗವು ಇದೇ. ವ್ಯಾಕರಣವನ್ನು ಓದಿದವರು ಉತ್ಸರ್ಗ, ಅಪವಾದ ಎಂಬ ಮಾತುಗಳನ್ನು ಬಲ್ಲರು. ಸಾಮಾನ್ಯ ವಿಧಿಯು ಉತ್ಸರ್ಗ. ಅದರ ಒಂದು ಎಡೆಯನ್ನು ಕಿತ್ತುಕೊಂಡು ನಿಲ್ಲುವ ವಿಶೇಷ ವಿಧಿಯು ಅಪವಾದ. ಅಪವಾದವು ಬಲವತ್ತರವಾದುದು. ಎರಡು ವಿಧಿಗಳು ಒಂದೇ ಕಡೆ ಪ್ರಾಪ್ತವಾದರೆ ಯಾವುದು ನಿಲ್ಲಬೇಕೆಂಬುದನ್ನು ನಿರ್ಣಯಿಸಲು ಪಾಣಿನಿಯು ಸೂತ್ರಗಳ ಕ್ರಮವನ್ನೇ ಉಪಯೋಗಿಸಿದನು. ಈಗ ನಮ್ಮ ಮಕ್ಕಳ ಯಂತ್ರವನ್ನು ನೋಡಿರಿ. ಪಟ್ಟಿಯನ್ನು ಅನುಸರಿಸೆಂಬುದು ಉತ್ಸರ್ಗ. ಎದುರಿಗೆ ಅಡ್ಡಿಯಿದ್ದರೆ ನಿಲ್ಲೆಂಬುದು ಅಪವಾದ. ಅಡ್ಡಿಯನ್ನು ಅರಿಯಲು ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸಿ, ಅದು ಮರಳಿ ಬರುವ ಕಾಲವನ್ನು ಅಳೆಯುವ ಸೆನ್ಸರು ಇರುವುದು. ಧ್ವನಿಯು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ, ಒಂದು ಮೀಟರು ದೂರದ ಗೋಡೆಗೆ ಹೋಗಿಬರಲು ಸೆಕೆಂಡಿನ ಸಾವಿರದ ಆರು ಪಾಲಿನಷ್ಟು ಸಮಯ ಸಾಕು. ಒಂದು ಗುಂಪಿನವರು ಈ ಅಪವಾದವನ್ನು ಪ್ರೋಗ್ರಾಮಿನಲ್ಲಿ ಬರೆದಿದ್ದರು, ಸೆನ್ಸರೂ ಸರಿಯಾಗಿತ್ತು. ಆದರೂ ಯಂತ್ರವು ಇಟ್ಟಿಗೆಗೆ ಹೋಗಿ ಢಿಕ್ಕಿಹೊಡೆಯುತ್ತಲೇ ಇತ್ತು. ಎರಡು ಸಂಜೆ ಹುಡುಕಿದರು. ಪಟ್ಟಿಯ ವಿಧಿಯನ್ನು ಮೇಲೆ ಬರೆದು, ಅದು ಸಂದೊಡನೆ ಯಂತ್ರವು ಮರಳಿ ಮೊದಲಿಗೆ ಹೋಗುವಂತೆ ಮಾಡಿದ್ದರು. ಕೆಳಗಿನ ಅಪವಾದದ ಸರದಿಯೇ ಬರುತ್ತಿರಲಿಲ್ಲ. ಅದನ್ನು ಮೇಲಕ್ಕೆ ಎತ್ತಿದರು, ಯಂತ್ರವು ನಿಂತಿತು. ಸೂತ್ರಕ್ರಮದ ಮಹತ್ತ್ವವನ್ನು ಅರಿಯಲು ನಮಗೆ ವರ್ಷಗಳು ಹಿಡಿದಿದ್ದುವು. ಇವರಿಗೆ ಒಂದು ಇಟ್ಟಿಗೆ ಕಲಿಸಿತು.

ಭೇದವು ಇಲ್ಲಿಯೇ ಇರುವುದು. ಪಾಠಶಾಲೆಯಲ್ಲಿ ವಿದ್ಯಾರ್ಥಿಯು ತಪ್ಪಿದನೆಂಬುದನ್ನು ಗುರುವೇ ಹೇಳಬೇಕು. ಗುರು ಸುಮ್ಮನಿದ್ದರೆ ತಪ್ಪು ಸರಿಯಾಗಿಯೇ ಉಳಿಯುವುದು. ಕೈಯಿಂದ ಕಟ್ಟುವ ವಿದ್ಯೆಯಲ್ಲಿ ತಪ್ಪನ್ನು ವಸ್ತುವೇ ಹೇಳುವುದು. ಗದರಿಸುವುದಿಲ್ಲ, ಮುಖ ನೋಡುವುದಿಲ್ಲ, ಶ್ರೀಮಂತರ ಮಗನೆಂದು ಬಿಡುವುದೂ ಇಲ್ಲ. ಕೊಠಡಿಯಲ್ಲಿ ಸೊಗಸಾಗಿ ನಡೆದ ಯಂತ್ರವು ಅಂಗಳಕ್ಕೆ ತಂದೊಡನೆ ದಾರಿತಪ್ಪುವುದು, ಏಕೆಂದರೆ ಬಿಸಿಲಿನಲ್ಲಿಯೂ ಅವಕೆಂಪು ಬೆಳಕಿರುವುದು. ಒಂದೇ ಪೊಟ್ಟಣದಿಂದ ತೆಗೆದ ಎರಡು ಮೋಟಾರುಗಳು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪುಸ್ತಕದಲ್ಲಿ ಎಲ್ಲ ಮೋಟಾರುಗಳೂ ಅವಳಿಜವಳಿಗಳು, ಲೋಕದಲ್ಲಿ ಹಾಗಲ್ಲ.

ರೈತರ ಮಕ್ಕಳಿಗೆ ಪ್ರಿಯವಾದ ಇನ್ನೊಂದು ಕೆಲಸವುಂಟು. ಮಣ್ಣು ಒಣಗಿದಾಗ ತಾನಾಗಿ ಪಂಪನ್ನು ನಡೆಯಿಸಿ ಗಿಡಕ್ಕೆ ನೀರುಣಿಸುವ ಯಂತ್ರ. ಮಣ್ಣಿಗೆ ಚುಚ್ಚಿದ ಎರಡು ಲೋಹದ ಹಲ್ಲುಗಳ ನಡುವೆ ವಿದ್ಯುತ್ತು ಎಷ್ಟು ಹರಿಯುವುದೆಂಬುದರಿಂದ ತೇವವನ್ನು ಅಳೆಯುವರು. ಕೆಲವು ದಿನಗಳಲ್ಲಿ ಒಂದು ಹಲ್ಲು ಸವೆದು ಕರಗಿಹೋಗಿತ್ತು! ವಿದ್ಯುತ್ತು ಸದಾ ಒಂದೇ ದಿಕ್ಕಿಗೆ ಹರಿದರೆ ಲೋಹವು ಹಾಗೆ ಸವೆಯುವುದೆಂದು ರಸಾಯನಶಾಸ್ತ್ರದ ಪಾಠದಲ್ಲಿ ಅವರು ಮೊದಲೇ ಓದಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದರು. ಓದಿದ್ದು ಇದೇ ಎಂದು ಗೊತ್ತಾದುದು ಆ ದಿನ. ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ತನ್ನು ಕೊಡಬೇಕೆಂಬ ಉಪಾಯವನ್ನು ತಾವೇ ಕಂಡುಕೊಂಡರು. ಗೊಬ್ಬರದ ಲವಣ ಬೆರೆತ ಮಣ್ಣು ಇರುವುದಕ್ಕಿಂತ ಹೆಚ್ಚು ತೇವವಾಗಿ ತೋರುವುದೆಂದೂ, ಎರೆಮಣ್ಣು ಒಣಗಿ ಬಿರುಕುಬಿಟ್ಟಾಗ ಹಲ್ಲಿಗೆ ಮಣ್ಣು ತಗಲುವುದೇ ಇಲ್ಲವೆಂದೂ ಅನಂತರ ತಿಳಿದುಕೊಂಡರು. ಅವರ ತಂದೆಯರಾದರೋ ಮಣ್ಣನ್ನು ಬೆರಳಿನಲ್ಲಿ ಹಿಚುಕಿ ತೇವವನ್ನು ಹೇಳುವರು. ಯಂತ್ರದ ಅಂಕೆಯನ್ನೂ ತಂದೆಯ ಬೆರಳನ್ನೂ ಹೋಲಿಸಿ ಒಂದು ಪಟ್ಟಿಯನ್ನು ಮಾಡಿದ ಹುಡುಗನೊಬ್ಬನನ್ನು ನಾನು ಬಲ್ಲೆನು. ನೂರು ಪ್ರಬಂಧಗಳಿಗಿಂತ ಆ ಪಟ್ಟಿಯು ನನಗೆ ಮೇಲೆನಿಸಿತು.

ಇಷ್ಟನ್ನು ಹೊಗಳಿದ ಮೇಲೆ ಕಹಿಯಾದುದನ್ನೂ ಹೇಳಬೇಕಾಗಿರುವುದು. ಒಂದೂರಿನ ಶಾಲೆಗೆ ಹೋಗಿದ್ದಾಗ ಲ್ಯಾಬನ್ನು ನೋಡುವ ಇಚ್ಛೆಯನ್ನು ತಿಳಿಸಿದೆನು. ಬೀಗದ ಕೈಯನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಒಳಗೆ ಯಂತ್ರಗಳು ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೆಯೇ ಇದ್ದಿತು. ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಾದವರು ತಾವೆಂದು ಅಲ್ಲಿಯ ಉಪಾಧ್ಯಾಯರು ಅಂಜಿದ್ದರು. ಅವರನ್ನು ನಾನು ದೂರುವುದಿಲ್ಲ. ಒಡೆಯುವುದಕ್ಕೆ ಲೆಕ್ಕದಲ್ಲಿ ಸ್ಥಳವನ್ನಿಡದೆ ಕಲಿಸೆಂದು ಹೇಳಿದವರದೇ ಅದು ದೋಷ. ಇನ್ನು ವಸ್ತುಪ್ರದರ್ಶನಗಳ ಪಾಡು. ಪೇಟೆಯ ಅಂಗಡಿಗಳಲ್ಲಿ ಸಿದ್ಧವಾದ ಮಾದರಿಗಳು ದೊರೆಯುವುವು. ತಂದೆ ಕೊಂಡುತರುವನು, ಮಗ ವಿವರಣೆಯನ್ನು ಕಂಠಪಾಠ ಮಾಡುವನು, ಹೊಳೆಯುವುದಕ್ಕೆ ಬಹುಮಾನ ಬರುವುದು. ಬಾಯಿಪಾಠವನ್ನು ಬಿಡಿಸಲು ಬಂದ ವಿದ್ಯೆಯೇ ಬಾಯಿಪಾಠವಾಗುವುದೆಂದರೆ ಇದೇ. ಗುಂಪಿನಲ್ಲಿ ಕೆಲಸಮಾಡುವಲ್ಲಿಯೂ ಸ್ಕ್ರೂಡ್ರೈವರು ಯಾವಾಗಲೂ ಒಬ್ಬ ಹುಡುಗನ ಕೈಯಲ್ಲಿರುವುದು. ಹೆಣ್ಣುಮಕ್ಕಳಿಗೆ ಅಕ್ಷರ ದುಂಡಗಿದೆಯೆಂಬ ನೆವದಿಂದ ರೆಕಾರ್ಡು ಬರೆಯುವ ಕೆಲಸ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ದೇಶದ ಮುಂದಿಟ್ಟರು. ಡಾಕ್ಟರ್ ಝಾಕಿರ್ ಹುಸೇನರ ಸಮಿತಿಯು ದಿನಕ್ಕೆ 3 ಗಂಟೆ 20 ನಿಮಿಷಗಳನ್ನು ಕಸುಬಿಗಾಗಿ ಮೀಸಲಿಡಬೇಕೆಂದಿತು. ನೂಲುವಾಗ ಏಕೆ ಎಳೆ ಕಡಿಯಿತು, ಎಷ್ಟು ಗಜ ಬಂತು ಎಂದು ಕೇಳುತ್ತ ಗಣಿತವನ್ನೂ ವಿಜ್ಞಾನವನ್ನೂ ಕಲಿಸಬೇಕೆಂಬುದು ಅದರ ಜೀವಾಳವಾಗಿತ್ತು. ಆ ಪ್ರಶ್ನೆಗಳು ಬಿದ್ದುಹೋದೆಡೆಯಲ್ಲಿ ತಕಲಿ ತಿರುಗುವುದಷ್ಟೇ ಉಳಿಯಿತು. ತಕಲಿಗೆ ಒದಗಿದ ಗತಿಯು ಆರ್ಡುಯಿನೋ ಬೋರ್ಡಿಗೆ ಒದಗಲಾರದೆಂದು ಯಾರೂ ನೆಚ್ಚಿ ಕೂಡಬಾರದು.

ಆದುದರಿಂದ ನಮ್ಮ ವಿದ್ಯಾಸಂಸ್ಥೆಗಳ ಆಡಳಿತ ಮಂಡಲಿಯವರಲ್ಲಿ ಮೂರು ನಾಲ್ಕು ಬಿನ್ನಹಗಳು. ಲ್ಯಾಬಿನ ಬೀಗದ ಕೈಯು ಶಾಲೆಯ ಸಮಯದ ಬಳಿಕವೂ ಎರಡು ಗಂಟೆ ಮಕ್ಕಳ ಮುಖಂಡರ ಕೈಯಲ್ಲಿರಲಿ. ಪ್ರತಿವರ್ಷ ಮುರಿದು ಸುಟ್ಟುಹೋಗುವ ಸಾಮಾನಿಗಾಗಿ ಒಂದು ಮೊತ್ತವನ್ನು ಮೊದಲೇ ತೆಗೆದಿಡಲಿ. ವರ್ಷಾಂತ್ಯಕ್ಕೆ ಅದು ಉಳಿದಿದ್ದರೆ ಏಕೆ ಉಳಿಯಿತೆಂದು ಕೇಳಲಿ. ಗುಂಪಿನಲ್ಲಿ ಕಟ್ಟುವ ಕೆಲಸವೂ ಬರೆಯುವ ಕೆಲಸವೂ ವಾರಕ್ಕೊಮ್ಮೆ ಕೈಬದಲಾಗಲಿ. ಬರುವ ಪ್ರದರ್ಶನದಲ್ಲಿ ತೀರ್ಪುಗಾರರು ವಿವರಣೆಯನ್ನು ಕೇಳುವುದಕ್ಕೆ ಮೊದಲು, ಮಾದರಿಯಿಂದ ಒಂದು ತಂತಿಯನ್ನು ಕಿತ್ತು, ಮಗುವಿಗೆ ಹತ್ತು ನಿಮಿಷ ಕೊಟ್ಟು, ಪಕ್ಕಕ್ಕೆ ಸರಿದು ನಿಲ್ಲಲಿ.