ಆಣೆ ಮಾಡಿದ ಮೂರನೇ ರಾತ್ರಿ

ಭೀಮಾ, ಅಮರ್ಜಾ ಎರಡೂ ಕೂಡುವಲ್ಲಿ ಮಿಂದು, ಗಾಣಗಾಪುರದ ದತ್ತನ ಮುಂದೆ ನಿಂತು ಶೆರೆ ಬಿಟ್ಟೆ ಎಂದು ಆಣೆ ಮಾಡಿದವರು ಅಫಜಲಪುರ ಸೀಮೆಯ ಹಳ್ಳಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಹರಕೆ ಹೊತ್ತವರಿದ್ದಾರೆ. ಗಡಿ ದಾಟಿ ಪಂಢರಪುರಕ್ಕೆ ನಡೆದು ಹೋಗಿ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ಬಂದವರೂ ಇದ್ದಾರೆ. ಮಾಲೆ ಬಿದ್ದ ಮೇಲೆ ಮಾಂಸವೂ ಇಲ್ಲ, ಶೆರೆಯೂ ಇಲ್ಲ. ಇಂಥ ಆಣೆಗಳನ್ನು ಹಗುರವಾಗಿ ಕಾಣುವ ಅಗತ್ಯವಿಲ್ಲ. ನಾಲ್ಕು ಜನರ ಎದುರು, ದೇವರ ಎದುರು ಕೊಟ್ಟ ಮಾತು ಮನುಷ್ಯನಿಗೆ ನಿಜವಾಗಿಯೂ ಬಲ ಕೊಡುತ್ತದೆ.

ಆದರೆ ಹತ್ತು ಹದಿನೈದು ವರ್ಷ ದಿನ ತಪ್ಪದೆ ಕುಡಿದವನು ಒಮ್ಮೆಲೇ ಬಿಟ್ಟಾಗ ಮೈಯೊಳಗೆ ಏನಾಗುತ್ತದೆ ಎಂಬುದು ಆಣೆ ಮಾಡಿದವನಿಗಾಗಲಿ, ಮಾಡಿಸಿದ ಮನೆಯವರಿಗಾಗಲಿ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಕೊನೆಯ ಗುಟುಕಿನಿಂದ ಆರರಿಂದ ಹನ್ನೆರಡು ತಾಸಿನೊಳಗೆ ಕೈ ನಡುಗಲು ಶುರುವಾಗುತ್ತದೆ. ಬೆವರು, ಓಕರಿಕೆ, ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಅದರ ಜೊತೆಗೇ ಬರುತ್ತವೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನ ಕಳೆದು ಮೂರು, ನಾಲ್ಕನೇ ದಿನಕ್ಕೆ ಕಾಲಿಡುವಾಗ ಇನ್ನೂ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಾಡಿದಂತೆ, ಸತ್ತುಹೋದ ಅಪ್ಪ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ. ಯಾರೋ ಕೊಲ್ಲಲು ಬಂದರೆಂದು ಚೀರುತ್ತಾರೆ. ಹೆಂಡತಿಯ ಗುರುತು ಹತ್ತುವುದಿಲ್ಲ. ತಾವಿರುವ ಊರು ಯಾವುದೆಂದು ಗೊತ್ತಾಗುವುದಿಲ್ಲ.

ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಊರಿನವರ ಬಾಯಲ್ಲಿ ಇದು ಗಾಳಿ, ದೆವ್ವ. ಮನಸ್ಸು ಕೆಟ್ಟವರನ್ನು, ಮೈಮೇಲೆ ಬಂದವರನ್ನು ಗಾಣಗಾಪುರಕ್ಕೆ ಕರೆತರುವ ರೂಢಿ ಹಳೆಯದು. ಹೀಗಾಗಿ ಶೆರೆ ಬಿಟ್ಟ ಮೂರನೇ ರಾತ್ರಿ ಒದರಾಡುವವನನ್ನು ಕಟ್ಟಿಹಾಕಿ ಗುಡಿಗೆ ಒಯ್ಯುವುದು ಮನೆಯವರಿಗೆ ಸಹಜವಾಗಿಯೇ ತೋಚುತ್ತದೆ. ಅದೇ ಹೊತ್ತಿನಲ್ಲಿ ಅವನ ಜ್ವರ ಏರುತ್ತಿರುತ್ತದೆ, ರಕ್ತದೊತ್ತಡ ಏರುತ್ತಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಆಸ್ಪತ್ರೆ ಮುಟ್ಟಿದರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ.

ಹೀಗೇಕಾಗುತ್ತದೆ? ಮಿದುಳಿನಲ್ಲಿ ನರಗಳನ್ನು ತಣಿಸುವ ರಾಸಾಯನಿಕವೊಂದಿದೆ, ಅದರ ಹೆಸರು ಗಾಬಾ. ಕೆರಳಿಸುವುದು ಗ್ಲುಟಮೇಟ್. ಆಲ್ಕೋಹಾಲ್ ಗಾಬಾದ ಕೆಲಸವನ್ನು ಹೆಚ್ಚಿಸಿ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. ಕುಡಿದವನ ನಾಲಿಗೆ ತೊದಲುವುದು, ಹೆಜ್ಜೆ ತಪ್ಪುವುದು, ಹೆದರಿಕೆ ಹೋಗುವುದು ಇದರಿಂದಲೇ. ವರ್ಷಗಟ್ಟಲೆ ದಿನವೂ ಹೀಗೆ ನಡೆದರೆ ಮಿದುಳು ಸುಮ್ಮನಿರುವುದಿಲ್ಲ. ಶೆರೆ ಒಂದು ಕಡೆ ಎಳೆದಷ್ಟೂ ಅದು ಹಗ್ಗಜಗ್ಗಾಟದಲ್ಲಿ ನಿಂತ ಪೈಲ್ವಾನನಂತೆ ಇನ್ನೊಂದು ಕಡೆ ಜಗ್ಗುವುದನ್ನು ಕಲಿಯುತ್ತದೆ. ಒಂದು ದಿನ ಶೆರೆ ಹಗ್ಗದಿಂದ ಕೈ ಬಿಡುತ್ತದೆ, ಮಿದುಳು ತನ್ನದೇ ಬಲಕ್ಕೆ ಹಿಂದಕ್ಕೆ ಬೀಳುತ್ತದೆ. ಆ ನಡುಕ, ಆ ಫಿಟ್ಸ್, ಆ ಭ್ರಮೆ ಎಲ್ಲವೂ ಹಾಗೆ ಬಿದ್ದುದರ ಫಲ. ಆದ್ದರಿಂದ ಬೆಳಿಗ್ಗೆ ಎದ್ದು ಕೈ ನಡುಗುವವನು, ಒಂದು ಗುಟುಕು ಹಾಕಿದರಷ್ಟೇ ಚಹಾದ ಕಪ್ಪು ಹಿಡಿಯಬಲ್ಲವನು, ನಾಚಿಕೆಗೆಟ್ಟವನಲ್ಲ. ಅವನಿಗೆ ಔಷಧ ಬೇಕು.

2020ರ ಲಾಕ್‌ಡೌನ್ ಇದನ್ನು ಇಡೀ ರಾಜ್ಯಕ್ಕೆ ತೋರಿಸಿತು. ಮಾರ್ಚ್ ಕೊನೆಗೆ ಬಾಗಿಲು ಹಾಕಿದ ಮದ್ಯದಂಗಡಿಗಳು ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ಒಮ್ಮೆಲೇ ಮದ್ಯ ನಿಂತಾಗ ಫಿಟ್ಸ್, ಭ್ರಮೆಗಳೊಂದಿಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ಅಲ್ಲಿನ ವೈದ್ಯರು ದಾಖಲಿಸಿ ಪ್ರಕಟಿಸಿದರು. ಆಸ್ಪತ್ರೆ ಮುಟ್ಟದ ಹಳ್ಳಿಗಳ ಕಥೆ ಯಾವ ದಾಖಲೆಗೂ ಸಿಕ್ಕಿಲ್ಲ.

ಇನ್ನು ಲೆಕ್ಕದ ಮಾತು. ಕ್ವಾರ್ಟರ್ ಎಂದರೆ 180 ಮಿಲಿ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ ಹೇಳಿದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಯಕೃತ್ತು ತಾಸಿಗೆ ಕರಗಿಸುವುದು ಹೆಚ್ಚೂಕಡಿಮೆ 7ರಿಂದ 10 ಗ್ರಾಂ. ರಾತ್ರಿ ಹತ್ತಕ್ಕೆ ಕುಡಿದದ್ದು ಬೆಳಗಿನ ಜಾವದವರೆಗೂ ರಕ್ತದಲ್ಲಿ ಇರುತ್ತದೆ. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕರಗುವ ದಾರಿಯಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶಗಳನ್ನು ಸುಡುವ ವಿಷ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದ್ದು 1988ರಷ್ಟು ಹಿಂದೆಯೇ.

ಯಕೃತ್ತು ಮೂಗಬಸವನಂಥ ಅಂಗ. ಕೊಬ್ಬು ಕೂಡಿದರೂ ನೋವಿಲ್ಲ, ಊದಿದರೂ ಬಹಳ ಕಾಲ ಸದ್ದಿಲ್ಲ. ಕಣ್ಣು ಹಳದಿಯಾದಾಗ ಕಾಮಾಲೆಯ ನಾಟಿ ಔಷಧ ಹುಡುಕಿಕೊಂಡು ಹೋಗುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಾದಾಗ ಕಲಬುರಗಿಗೋ ಸೊಲ್ಲಾಪುರಕ್ಕೋ ಓಡುತ್ತಾರೆ. ಬರೀ ಕೊಬ್ಬು ಕೂಡಿದ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದೆ. ಗಂಟುಗಟ್ಟಿ ಗಟ್ಟಿಯಾದ ಯಕೃತ್ತು ಮೊದಲಿನಂತಾಗುವುದು ಕಷ್ಟ.

ಈ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಜೋಳದಲ್ಲಿ ಅದಿದೆ, ತೊಗರಿಬೇಳೆಯಲ್ಲಿ ಚೆನ್ನಾಗಿಯೇ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ಬೆಳೆಯುವ ನಾಡಿದು, ಜೇವರ್ಗಿ, ಆಳಂದದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ತೊಗರಿ. ರೊಟ್ಟಿ, ಬೇಳೆ ಉಂಡವನಿಗೆ ಬಿ1 ಕೊರತೆ ಬರಬಾರದು. ಆದರೆ ಕುಡಿಯುವವನು ಉಣ್ಣುವುದಿಲ್ಲ. ಉಂಡರೂ ಅವನ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ದೇಹದ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಆಮೇಲೆ ಹೆಜ್ಜೆ ತಪ್ಪುತ್ತದೆ, ಕಣ್ಣುಗುಡ್ಡೆ ನೆಟ್ಟಗೆ ನಿಲ್ಲುವುದಿಲ್ಲ, ಮಾತು ಗೊಂದಲವಾಗುತ್ತದೆ. 1881ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಕಾರ್ಲ್ ವೆರ್ನಿಕೆಯ ಹೆಸರೇ ಈ ಕಾಯಿಲೆಗೆ ನಿಂತಿದೆ. ನೋಡಿದವರು ಕುಡಿದಿದ್ದಾನೆ ಎಂದುಕೊಂಡು ಸುಮ್ಮನಾಗುತ್ತಾರೆ. ಸಕಾಲಕ್ಕೆ ಬಿ1 ಚುಚ್ಚುಮದ್ದು ಬೀಳದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಇನ್ನೊಂದು ಅಪಾಯ ಮನೆಯವರೇ ತಂದುಕೊಳ್ಳುವಂಥದ್ದು. ಸೊರಗಿದವನನ್ನು ಕಂಡ ಕೂಡಲೇ ‘ಒಂದ್ ಸಲಾಯಿನ್ ಹಚ್ರಿ ಡಾಕ್ಟ್ರೇ’ ಎಂದು ಹಟ ಹಿಡಿಯುತ್ತಾರೆ. ಬಿ1 ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಇದ್ದಷ್ಟು ಬಿ1 ಕೂಡ ಖರ್ಚಾಗಿ ರೋಗಿ ಇನ್ನಷ್ಟು ಕೆಡಬಹುದು.

ತಂಬಾಕು ಇಂಥ ಗದ್ದಲ ಮಾಡುವುದಿಲ್ಲ. ಅದನ್ನು ಹೊಲದ ಬದುವಿನಲ್ಲಿ ನೋಡಬೇಕು. ಎಡಗೈಯ ಅಂಗೈ ಮೇಲೆ ಚಿಟಿಕೆ ತಂಬಾಕು, ಡಬ್ಬಿಯಿಂದ ಉಗುರಿನಷ್ಟು ಸುಣ್ಣ. ಬಲಗೈ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳತುಟಿಯ ಸಂದಿಯಲ್ಲಿ ಇಡುತ್ತಾರೆ. ಪಕ್ಕದವನು ಕೇಳದೆಯೇ ಕೈ ಚಾಚುತ್ತಾನೆ. ಇಲ್ಲಿ ಸುಣ್ಣದ ಕೆಲಸ ರುಚಿಯಲ್ಲ. ಸುಣ್ಣದ ಕ್ಷಾರ ತಂಬಾಕಿನ ನಿಕೋಟಿನನ್ನು ಬಿಡಿಸಿ, ಬಾಯಿಯ ತೆಳುಚರ್ಮ ಸಲೀಸಾಗಿ ಹೀರುವಂತೆ ಮಾಡುತ್ತದೆ. ರಸಾಯನಶಾಸ್ತ್ರ ಹುಟ್ಟುವ ಮೊದಲೇ ಜನ ಇದನ್ನು ಕಂಡುಕೊಂಡಿದ್ದರು. ಅದೇ ಸುಣ್ಣ ಆ ಚರ್ಮವನ್ನು ದಿನವೂ ಸುಡುತ್ತದೆ. ಸುಟ್ಟ ಜಾಗದಲ್ಲೇ ತಂಬಾಕಿನ ನೈಟ್ರೋಸಮೈನ್‌ಗಳು ಕೂರುತ್ತವೆ.

ಬೀಡಿ ಎಳೆದರೆ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿನಲ್ಲಿರುತ್ತದೆ. ಅಲ್ಲಿ ಡೋಪಮೈನ್ ಚಿಮ್ಮುತ್ತದೆ, ಮನಸ್ಸು ಹಗುರಾಗುತ್ತದೆ. ಎರಡು ತಾಸಿನಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ, ಕಿರಿಕಿರಿ ಶುರು. ತಂಬಾಕಿನಿಂದ ತಲೆ ಚುರುಕಾಗುತ್ತದೆ ಎನ್ನುವವನಿಗೆ ನಿಜವಾಗಿ ಆಗುವುದು ಆ ಕಿರಿಕಿರಿಯ ಶಮನ.

ಗಡಿಭಾಗದ ಹೆಂಗಸರ ಮಿಶ್ರಿಯನ್ನು ಯಾರೂ ಚಟವೆಂದು ಎಣಿಸುವುದೇ ಇಲ್ಲ. ತಂಬಾಕನ್ನು ಕಪ್ಪಗಾಗುವವರೆಗೆ ತವೆಯ ಮೇಲೆ ಹುರಿದು, ಪುಡಿ ಮಾಡಿ, ಹಲ್ಲುಜ್ಜುವ ನೆಪದಲ್ಲಿ ವಸಡಿಗೆ ತಿಕ್ಕುತ್ತಾರೆ. ಬೆಳಿಗ್ಗೆ ಒಮ್ಮೆ ಇದ್ದದ್ದು ಕ್ರಮೇಣ ಮೂರು ನಾಲ್ಕು ಸಲವಾಗುತ್ತದೆ. ಬಸುರಿಯರೂ ಬಿಡುವುದಿಲ್ಲ. ಮುಂಬೈಯಲ್ಲಿ 1217 ಗರ್ಭಿಣಿಯರನ್ನು ಅನುಸರಿಸಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಆ ಊರಿನಲ್ಲೂ ಬಳಕೆಯಲ್ಲಿದ್ದ ತಂಬಾಕುಗಳಲ್ಲಿ ಮಿಶ್ರಿ ಮುಖ್ಯವಾದದ್ದು.

ಗುಟ್ಕಾವನ್ನು ಕರ್ನಾಟಕ ನಿಷೇಧಿಸಿದ್ದು 2013ರ ಮೇ 31ರಂದು. ವ್ಯಾಪಾರಿಗಳು ಅದಕ್ಕೂ ದಾರಿ ಕಂಡುಕೊಂಡರು. ಪಾನ್ ಮಸಾಲದ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು, ಬೆರೆಸುವುದು ಗಿರಾಕಿಯ ಬಾಯಿ. ತಂಬಾಕಿನ ಚೀಟಿ ಬಿಟ್ಟರೂ ಅಡಿಕೆ ತಾನೇ ಕ್ಯಾನ್ಸರ್‌ಕಾರಕ. ಅದರಿಂದ ಕೆನ್ನೆಯ ಒಳಪದರ ಬಿಗಿದು ನಾರುಗಟ್ಟುತ್ತದೆ. ಖಾರದ ಪಲ್ಯ ಉರಿಯತೊಡಗುವುದು ಮೊದಲ ಸೂಚನೆ. ತನ್ನದೇ ಮೂರು ಬೆರಳು ಲಂಬವಾಗಿ ಬಾಯಲ್ಲಿ ಹಿಡಿಸದಿದ್ದರೆ ತೋರಿಸಿಕೊಳ್ಳಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೂ ಹಾಗೆಯೇ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಕಲಬುರಗಿಯಲ್ಲೇ ಇದೆ. ಶೆರೆ, ತಂಬಾಕು ಎರಡೂ ಇರುವವನಿಗೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಎರಡನ್ನೂ ಕೂಡಿಸಿದ್ದಕ್ಕಿಂತ ಬಹಳ ಹೆಚ್ಚು. ಆಲ್ಕೋಹಾಲ್ ಬಾಯಿಯ ಪದರವನ್ನು ಸಡಿಲಿಸಿ ತಂಬಾಕಿನ ವಿಷಕ್ಕೆ ಒಳದಾರಿ ಮಾಡಿಕೊಡುತ್ತದೆ.

ಇದಕ್ಕೆಲ್ಲ ಉತ್ತರ ಹುಡುಕಿದವರು ಈ ನಾಡಿನಲ್ಲಿ ಕಡಿಮೆಯಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳುಕಡಿಯಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಅದರ ಜಾಗಕ್ಕೆ ಅಗ್ಗದ ಟೆಟ್ರಾ ಪ್ಯಾಕ್ ಬಂತು. ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುತ್ತಾರೆಂದು ರಾಯಚೂರು ಕಡೆಯ ಹೆಂಗಸರು ಸಿಡಿದೆದ್ದರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದೇ ಹೋದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಎದುರುನೋಡಿದ್ದು 40,000 ಕೋಟಿ ರೂಪಾಯಿ. ಆ ಹೆಂಗಸರ ಮಾತಿಗೆ ಸಿಗಬೇಕಾದ ಉತ್ತರ ಇನ್ನೂ ಸಿಕ್ಕಿಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಇದೆ. ಆಣೆ ಮಾಡುವುದಿದ್ದರೆ ಮಾಡಲಿ, ಗುಡಿಗೆ ಹೋಗುವ ದಾರಿಯಲ್ಲೇ ಆಸ್ಪತ್ರೆಗೂ ಹೋಗಿಬರಲಿ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ದಿನ ಮಂಗಳವಾರ. ನಡುಕ, ಫಿಟ್ಸ್ ತಡೆಯಲು ನಾಲ್ಕೈದು ದಿನದಿಂದ ವಾರದ ಮಟ್ಟಿಗೆ ಪ್ರಮಾಣ ಇಳಿಸುತ್ತ ಕೊಡುವ ಮಾತ್ರೆಗಳಿವೆ, ಜೊತೆಗೆ ಬಿ1. ಗೋಡೆಬರಹ ನೋಡಿ ತಂದ ‘ಕುಡಿತ ಬಿಡಿಸುವ ಪುಡಿ’ಯನ್ನು ಗೊತ್ತಾಗದಂತೆ ಅನ್ನದಲ್ಲಿ ಕಲಸಬಾರದು. ಅದರಲ್ಲಿ ಡೈಸಲ್ಫಿರಾಂ ಇದ್ದು ಅವನು ಮೇಲೆ ಶೆರೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಬಹುದು. ತಂಬಾಕಿಗೆ ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ಮೂರು ದಿನ ತೀರಾ ಕಷ್ಟ, ಮೂರು ನಾಲ್ಕು ವಾರದಲ್ಲಿ ತಹತಹ ತಗ್ಗುತ್ತದೆ. ತಂಬಾಕು ಬಿಡಲು 1800-11-2356, ಮನಸ್ಸಿನ ತೊಂದರೆಗೆ 14416, ಎರಡೂ ಉಚಿತ ಕರೆ. ವೈದ್ಯರ ಮುಂದೆ ಕೂತಾಗ ನಾಚದೆ ಹೇಳಬೇಕಾದ ಸಂಗತಿ ನಾಲ್ಕು: ದಿನಕ್ಕೆ ಎಷ್ಟು ಕುಡಿಯುತ್ತಾನೆ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ.