ಮೀಟರ್‌ಗೆ ಸೆಕೆಂಡ್ ಕೂಡಿದ್ರೂ ಸುಮ್ಮನಿರೋ ಸಾಫ್ಟ್‌ವೇರ್

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. 5 ಮೀಟರ್‌ಗೆ 3 ಸೆಕೆಂಡ್ ಕೂಡಿದ್ರೆ ಎಷ್ಟು?

ಉದ್ದಕ್ಕೆ ಹೊತ್ತು ಕೂಡೋಕಾಗುತ್ತಾ ಅಂತ ನೀವು ನಗಬಹುದು. ಸರಿ. ಕ್ಯಾಲ್ಕ್ಯುಲೇಟರ್‌ಗೆ ಕೇಳಿದ್ರೆ 8 ಅನ್ನುತ್ತೆ. ಅದನ್ನು ಬೈಯೋ ಹಾಗಿಲ್ಲ, ನಾವು ಕೊಟ್ಟಿದ್ದು ಬರೀ 5 ಮತ್ತು 3. ಆದರೆ ಯೂನಿಟ್ ಅಂದ್ರೆ ಏನು ಅಂತ ಗೊತ್ತಿರೋ ಸಾಫ್ಟ್‌ವೇರ್‌ಗೇ ಕೇಳಿದ್ರೆ? ಅದು ಎರರ್ ಕೊಡಬೇಕು ತಾನೇ?

ಕೇಳಿ ನೋಡೋಣ. ಪೈಥಾನ್‌ನಲ್ಲಿ ಸಿಂಪೈ ಅಂತ ಒಂದು ಲೈಬ್ರರಿ ಇದೆ. ಉಚಿತ. ಎಂಜಿನಿಯರಿಂಗ್ ಓದ್ತಿರೋ ಕೆಲವರು ಇದನ್ನು ಬಳಸಿರಬಹುದು. ಇದು ಕಂಪ್ಯೂಟರ್ ಆಲ್ಜೀಬ್ರಾ, ಅಂದ್ರೆ ಬರೀ ಅಂಕಿಗಳನ್ನಲ್ಲ, ಎಕ್ಸ್, ವೈ ಅನ್ನೋ ಅಕ್ಷರಗಳನ್ನೂ ಇಟ್ಟುಕೊಂಡು ನಾವು ನೋಟ್‌ಬುಕ್‌ನಲ್ಲಿ ಮಾಡೋ ಹಾಗೇ ಬೀಜಗಣಿತ ಮಾಡುತ್ತೆ. ಅದರೊಳಗೆ ಮೀಟರ್, ಸೆಕೆಂಡ್, ನ್ಯೂಟನ್, ಪೌಂಡ್ ಎಲ್ಲ ಸಿದ್ಧವಾಗಿವೆ. ಅಲ್ಲಿ 5 ಮೀಟರ್ ಪ್ಲಸ್ 3 ಸೆಕೆಂಡ್ ಅಂತ ಕೊಟ್ಟು ಎಂಟರ್ ಒತ್ತಿದ್ರೆ ಬರೋ ಉತ್ತರ: 5 ಮೀಟರ್ ಪ್ಲಸ್ 3 ಸೆಕೆಂಡ್. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಕೊಟ್ಟಿದ್ದನ್ನೇ ವಾಪಸ್ ಕೊಡುತ್ತೆ.

ಯಾಕೆ ಹೀಗೆ? ಅದರ ಪಾಲಿಗೆ ಮೀಟರ್ ಕೂಡ ಎಕ್ಸ್ ಥರದ್ದೇ ಒಂದು ಹೆಸರು. 5 ಎಕ್ಸ್ ಪ್ಲಸ್ 3 ವೈ ಅಂತ ಬರೆದ್ರೆ ನಮ್ಮ ಗಣಿತದ ಮೇಷ್ಟ್ರೂ ತಕರಾರು ತೆಗೀತಿರಲಿಲ್ಲ ಅಲ್ವಾ? ಮೀಟರ್ ಹಿಂದೆ ಉದ್ದ ಇದೆ, ಸೆಕೆಂಡ್ ಹಿಂದೆ ಕಾಲ ಇದೆ ಅನ್ನೋದು ಅದಕ್ಕೆ ಗೊತ್ತು. ಕೂಡೋವಾಗ ಅದನ್ನು ತೆಗೆದು ನೋಡೋದಿಲ್ಲ, ಅಷ್ಟೇ. ಈ ಹಿಂದಿರೋ ಗುಣಕ್ಕೆ ಆಯಾಮ ಅಂತಾರೆ. ಮೀಟರ್, ಕಿಲೋಮೀಟರ್, ಮೈಲಿ ಮೂರಕ್ಕೂ ಆಯಾಮ ಒಂದೇ, ಉದ್ದ. ಯೂನಿಟ್ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಕಡೆಯೂ ಇದೇ ಮೌನ. ಸಿಂಪೈಯಲ್ಲಿ ಯೂನಿಟ್ ಬದಲಿಸೋಕೆ ‘ಕನ್ವರ್ಟ್ ಟು’ ಅಂತ ಒಂದು ಫಂಕ್ಷನ್ ಇದೆ. 2 ಕಿಲೋಮೀಟರ್ ಪ್ಲಸ್ 300 ಮೀಟರ್ ಕೊಟ್ಟು ಮೀಟರ್‌ಗೆ ಬದಲಿಸು ಅಂದ್ರೆ 2300 ಮೀಟರ್ ಅನ್ನುತ್ತೆ. ಚೆನ್ನಾಗಿದೆ. 3 ಸೆಕೆಂಡನ್ನು ಮೀಟರ್‌ಗೆ ಬದಲಿಸು ಅಂದ್ರೆ? ಆಗಲ್ಲ ಅಂತ ಹೇಳೋದಿಲ್ಲ. 3 ಸೆಕೆಂಡ್ ಅಂತಲೇ ವಾಪಸ್ ಕೊಡುತ್ತೆ. ಐವತ್ತು ಸಾಲಿನ ಕೋಡ್ ಮಧ್ಯದಲ್ಲಿ ಹೀಗಾದ್ರೆ ಕಣ್ಣಿಗೆ ಬೀಳೋದು ಕಷ್ಟ. ಪೈಥಾನ್‌ನಲ್ಲೇ ಪಿಂಟ್ ಅನ್ನೋ ಇನ್ನೊಂದು ಲೈಬ್ರರಿ ಇದೆ, ಅದು ಕೂಡಿದ ಕೂಡಲೇ ಎರರ್ ಎಸೆಯುತ್ತೆ. ನನಗೆ ಆ ಸ್ವಭಾವವೇ ಇಷ್ಟ. ಆದರೆ ಸೂತ್ರಗಳನ್ನು ಅಕ್ಷರದಲ್ಲೇ ಇಟ್ಟು ಬಿಡಿಸಬೇಕು ಅಂದ್ರೆ ಸಿಂಪೈಗೇ ಬರಬೇಕು.

ಹಾಗಾದ್ರೆ ಸಿಂಪೈಯಲ್ಲಿ ಪರೀಕ್ಷೆ ಮಾಡೋ ದಾರಿ? ಇದೆ. ಯೂನಿಟ್ಸ್ ವಿಭಾಗದ ಒಳಗೆ, ಯುಟಿಲ್ ಅನ್ನೋ ಕಡೆ, ‘ಚೆಕ್ ಡೈಮೆನ್ಷನ್ಸ್’ ಅಂತ ಒಂದು ಫಂಕ್ಷನ್ ಕೂತಿದೆ. ನಿಮ್ಮ ಸೂತ್ರವನ್ನು ಅದರ ಕೈಗೆ ಕೊಟ್ರೆ, ಎಲ್ಲೆಲ್ಲಿ ಕೂಡಿದ್ದೀರೋ ಅಲ್ಲೆಲ್ಲ ಎರಡೂ ಕಡೆಯ ಆಯಾಮ ಹೊಂದುತ್ತಾ ಅಂತ ನೋಡುತ್ತೆ. ಹೊಂದಿದ್ರೆ ಸೂತ್ರ ವಾಪಸ್, ಇಲ್ಲಾಂದ್ರೆ ‘ವ್ಯಾಲ್ಯೂ ಎರರ್’. ಒಂದೇ ತೊಂದರೆ, ನಾವಾಗೇ ಕರೆದ್ರೆ ಮಾತ್ರ ಬರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಯೂನಿಟ್ ಹೇಳದ ಬರೀ ಅಕ್ಷರ ಇರೋ ಪದವನ್ನು ಈ ಫಂಕ್ಷನ್ ಲೆಕ್ಕಕ್ಕೇ ತಗೊಳ್ಳಲ್ಲ, ದಾಟಿ ಮುಂದೆ ಹೋಗುತ್ತೆ. ಅದಕ್ಕೆ ಟಿ ಅಂದ್ರೆ ಸಮಯವೋ ಉಷ್ಣಾಂಶವೋ ಹೇಗೆ ಗೊತ್ತಾಗಬೇಕು? ಹಾಗಾಗಿ ಮೊದಲು ಅಕ್ಷರಗಳ ಜಾಗದಲ್ಲಿ ಯೂನಿಟ್ ತುಂಬಬೇಕು. ಹೈಸ್ಕೂಲಿನ ಸೂತ್ರವನ್ನೇ ತಗೊಳ್ಳಿ: ದೂರ ಅಂದ್ರೆ ಯು ಟಿ ಪ್ಲಸ್ ಅರ್ಧ ಎ ಟಿ ಸ್ಕ್ವೇರ್. ಯಾರೋ ಸ್ಕ್ವೇರ್ ಬಿಟ್ಟು ಅರ್ಧ ಎ ಟಿ ಅಂತ ಬರೆದಿದ್ದಾರೆ ಅಂದ್ಕೊಳ್ಳಿ. ಯು ಜಾಗಕ್ಕೆ ಮೀಟರ್ ಪರ್ ಸೆಕೆಂಡ್, ಟಿ ಜಾಗಕ್ಕೆ ಸೆಕೆಂಡ್, ಎ ಜಾಗಕ್ಕೆ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಹಾಕಿ. ಮೊದಲ ಪದ ಮೀಟರ್ ಆಯ್ತು, ಎರಡನೇದು ಮೀಟರ್ ಪರ್ ಸೆಕೆಂಡ್. ಈಗ ಚೆಕ್ ಮಾಡಿದ್ರೆ ಸಿಕ್ಕಿಬೀಳುತ್ತೆ.

ಆದರೆ ಅವರು ಸ್ಕ್ವೇರ್ ಸರಿಯಾಗಿ ಬರೆದು ಆ ‘ಅರ್ಧ’ವನ್ನೇ ಬಿಟ್ಟಿದ್ರೆ? ಏನೂ ಸಿಗಲ್ಲ. ಅರ್ಧಕ್ಕೆ ಆಯಾಮವೇ ಇಲ್ಲ. ಟಾರ್ಕ್ ಮತ್ತು ಶಕ್ತಿಯ ಕಥೆಯೂ ಅಷ್ಟೇ. ಎರಡೂ ನ್ಯೂಟನ್ ಮೀಟರ್. ಬೋಲ್ಟ್ ಬಿಗಿ ಮಾಡೋ ಟಾರ್ಕ್ ಅನ್ನು ಶಕ್ತಿಗೆ ಕೂಡಿದ್ರೂ ಪರೀಕ್ಷೆ ಪಾಸ್. ಆಯಾಮ ಹೊಂದದಿದ್ರೆ ಸೂತ್ರ ಖಂಡಿತ ತಪ್ಪು. ಹೊಂದಿದ ಮಾತ್ರಕ್ಕೆ ಸರಿ ಅಂತ ಅಲ್ಲ.

ಈಗ ನಿಜವಾಗಿ ನಷ್ಟವಾದ ಕಥೆಗೆ ಬರ್ತೀನಿ. ಮಾರ್ಸ್ ಕ್ಲೈಮೇಟ್ ಆರ್ಬಿಟರ್. ನಾಸಾ 1998ರ ಡಿಸೆಂಬರ್ 11ರಂದು ಮಂಗಳ ಗ್ರಹಕ್ಕೆ ಕಳಿಸಿದ ನೌಕೆ. ದಾರಿಯುದ್ದಕ್ಕೂ ಅದು ಆಗಾಗ ಚಿಕ್ಕ ಥ್ರಸ್ಟರ್‌ಗಳನ್ನು ಉರಿಸ್ತಿತ್ತು. ಪ್ರತಿ ಸಲ ಎಷ್ಟು ತಳ್ಳಿದಂತಾಯ್ತು ಅನ್ನೋ ಲೆಕ್ಕವನ್ನು ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಫೈಲ್‌ಗೆ ಬರೀತಿತ್ತು. ಆ ಸಾಫ್ಟ್‌ವೇರ್ ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯದ್ದು. ಫೈಲ್ ಓದೋರು ನಾಸಾದ ಜೆಪಿಎಲ್ ಕಡೆಯವರು. ಒಪ್ಪಂದದ ಪ್ರಕಾರ ನ್ಯೂಟನ್ ಸೆಕೆಂಡ್‌ನಲ್ಲಿ ಬರೀಬೇಕು. ಬರೆದಿದ್ದು ಪೌಂಡ್ ಬಲದ ಸೆಕೆಂಡ್‌ನಲ್ಲಿ. ಒಂದು ಪೌಂಡ್ ಬಲ ಅಂದ್ರೆ ಸುಮಾರು 4.45 ನ್ಯೂಟನ್. ಹೀಗಾಗಿ ಪ್ರತಿ ತಳ್ಳುವಿಕೆಯೂ ನಿಜಕ್ಕಿಂತ ನಾಲ್ಕೂವರೆ ಪಟ್ಟು ಕಡಿಮೆ ಅಂತ ಲೆಕ್ಕಕ್ಕೆ ಬಂತು. ಒಂದೊಂದೂ ತೀರಾ ಚಿಕ್ಕದು, ಆದರೆ ಒಂಬತ್ತು ತಿಂಗಳು ಸೇರ್ತಾ ಹೋಯ್ತು. ಕೊನೆಗೆ ಮಂಗಳದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹೋಗಬೇಕಿದ್ದ ನೌಕೆ 57 ಕಿಲೋಮೀಟರ್‌ಗೆ ಇಳಿದಿತ್ತು ಅಂತ ಆಮೇಲೆ ಲೆಕ್ಕ ಹಾಕಿದ್ರು. ಉಳೀಬೇಕಾದ್ರೆ ಕಡಿಮೆ ಅಂದ್ರೂ 80 ಬೇಕಿತ್ತು. 1999ರ ಸೆಪ್ಟೆಂಬರ್ 23ರಂದು ಸಂಪರ್ಕ ಹೋಯ್ತು, ಮತ್ತೆ ಬರಲೇ ಇಲ್ಲ.

ಯೂನಿಟ್ ಚೆಕ್ ಮಾಡಿ ಅನ್ನೋರೆಲ್ಲ ಈ ಕಥೆ ಹೇಳ್ತಾರೆ. ಆದರೆ ನಾವು ಈಗ ತಾನೇ ನೋಡಿದ ಆಯಾಮದ ಪರೀಕ್ಷೆಗೆ ಇದನ್ನು ಕೊಟ್ಟಿದ್ರೆ? ಪಾಸ್ ಆಗ್ತಿತ್ತು! ಪೌಂಡ್ ಬಲ ಇಂಟು ಸೆಕೆಂಡ್, ನ್ಯೂಟನ್ ಇಂಟು ಸೆಕೆಂಡ್, ಎರಡರ ಆಯಾಮವೂ ಒಂದೇ, ಬಲ ಇಂಟು ಕಾಲ. ಅಲ್ಲಿ ತಪ್ಪಿದ್ದು ಆಯಾಮ ಅಲ್ಲ. ಫೈಲ್ ದಾಟಿ ಬಂದಿದ್ದು ಬರೀ ಅಂಕಿ, ಅದರ ಜೊತೆ ಯೂನಿಟ್ ಬಂದಿರಲಿಲ್ಲ. ಬಂದಿದ್ರೆ ಸಿಂಪೈ ಥರದ್ದೇ ಯಾವುದೋ ಸಾಫ್ಟ್‌ವೇರ್ ತಾನಾಗೇ 4.45ರಿಂದ ಗುಣಿಸಿಕೊಳ್ತಿತ್ತು.

ನಮ್ಮಲ್ಲಿ ಜಮೀನಿನ ಲೆಕ್ಕ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. 2-20 ಅಂದ್ರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಅದನ್ನೇ ಎಕ್ಸೆಲ್‌ನಲ್ಲಿ 2.20 ಎಕರೆ ಅಂತ ಹೊಡೆದ್ರೆ 2 ಎಕರೆ 8 ಗುಂಟೆ ಆಯ್ತು. 12 ಗುಂಟೆ ಮಾಯ! ಇಲ್ಲೂ ಆಯಾಮ ಒಂದೇ, ವಿಸ್ತೀರ್ಣ. ಯಾವ ಚೆಕ್ಕೂ ಹಿಡಿಯಲ್ಲ.

ಅದಕ್ಕೆ ನಾನು ಕೋಡ್ ಬರೆಯೋರಿಗೆ ಹೇಳೋದು ಇಷ್ಟು. ಫೈಲಿಂದಲೋ ಸೆನ್ಸರ್‌ನಿಂದಲೋ ಅಂಕಿ ಒಳಗೆ ಬರೋ ಬಾಗಿಲಲ್ಲೇ ಅದಕ್ಕೆ ಯೂನಿಟ್ ಅಂಟಿಸಿ. ಕಾಲಂ ಹೆಸರು ಬರೀ ‘ತೂಕ’ ಅಂತ ಬೇಡ, ‘ತೂಕ ಕೆಜಿ’ ಅಂತಿರಲಿ. ಸೂತ್ರ ಬರೆದಾಗ ಒಂದು ಸಲ ಯೂನಿಟ್ ತುಂಬಿ ಚೆಕ್ ಡೈಮೆನ್ಷನ್ಸ್ ಓಡಿಸಿ, ಅದನ್ನು ಟೆಸ್ಟ್ ಫೈಲ್‌ನಲ್ಲೇ ಇಟ್ಟುಬಿಡಿ. ಕನ್ವರ್ಟ್ ಆದಮೇಲೆ ಹಳೇ ಯೂನಿಟ್ ಉಳಿದಿದೆಯಾ ಅಂತ ನೋಡಿ. ಅರ್ಧ, ಕಾಲು, ಪೈ ಇವನ್ನು ಮಾತ್ರ ಗೊತ್ತಿರೋ ಒಂದು ಉತ್ತರದ ಜೊತೆ ಕೈಯಲ್ಲೇ ತಾಳೆ ಹಾಕಬೇಕು, ಬೇರೆ ದಾರಿ ಇಲ್ಲ.

ಲ್ಯಾಪ್‌ಟಾಪ್ ಇಲ್ಲ ಅನ್ನೋ ಚಿಂತೆ ಬೇಡ. ಫೋನ್ ಬ್ರೌಸರ್‌ನಲ್ಲಿ ಗೂಗಲ್ ಕೋಲ್ಯಾಬ್ ತೆರೆದ್ರೆ ಸಿಂಪೈ ಅಲ್ಲೇ ಇರುತ್ತೆ. ಮೊದಲು ಆ 5 ಮೀಟರ್ ಪ್ಲಸ್ 3 ಸೆಕೆಂಡ್ ಹೊಡೆದು ನೋಡಿ. ಆಮೇಲೆ ನಿಮ್ಮ ಪಠ್ಯದ ಯಾವುದಾದ್ರೂ ಸೂತ್ರ ತುಂಬಿ. ಎಲ್ಲಿ ಸಿಕ್ಕಿಬಿತ್ತು, ಎಲ್ಲಿ ತಪ್ಪಿಸಿಕೊಳ್ತು ಅಂತ ನಮಗೆ ಬರೆದು ಕಳಿಸಿ. ಇವತ್ತಿಗೆ ಇಷ್ಟು, ಮುಂದಿನ ಕಂತಿನಲ್ಲಿ ಸಿಗೋಣ.